ಹಂಚುವ ಮೊದಲೇ ತೆಗೆದಿಡುವ ತೆರಿಗೆ: ಕೇಂದ್ರ ಹಣಕಾಸು ಸಚಿವರಿಗೆ ಮುಂಬಯಿಯಿಂದ ಒಂದು ಬಹಿರಂಗ ಪತ್ರ

ಮುಂಬಯಿ
20 ಜನವರಿ 2025

ಗೆ,
ಮಾನ್ಯ ಹಣಕಾಸು ಸಚಿವರು,
ಭಾರತ ಸರ್ಕಾರ, ಹೊಸದಿಲ್ಲಿ

ವಿಷಯ: ಸೆಸ್ ಮತ್ತು ಸರ್‌ಚಾರ್ಜ್ ಹಣವನ್ನು ರಾಜ್ಯಗಳ ಜೊತೆ ಹಂಚದಿರುವ ಬಗ್ಗೆ

ಮಾನ್ಯ ಸಚಿವರೇ,

ನಮಸ್ಕಾರ. ಫೆಬ್ರವರಿ 1ಕ್ಕೆ ನೀವು ಬಜೆಟ್ ಮಂಡಿಸುತ್ತೀರಿ. ಅದಕ್ಕೆ ಮೊದಲು ಈ ಪತ್ರ ನಿಮ್ಮ ಕಚೇರಿಯಲ್ಲಿ ಯಾರಾದರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಮುಂಬಯಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ಊರು ಉಡುಪಿ ಜಿಲ್ಲೆಯಲ್ಲಿ. ನನ್ನ ಹತ್ತಿರ ಲೆಕ್ಕ ಬರೆಸುವವರಲ್ಲಿ ಮುಕ್ಕಾಲು ಜನ ಕನ್ನಡದವರೇ. ಮಾಟುಂಗ, ಚೆಂಬೂರು, ಡೊಂಬಿವಲಿಯ ಹೋಟೆಲ್‌ನವರಿದ್ದಾರೆ. ಕಲಂಬೋಲಿಯಲ್ಲಿ ಲಾರಿ ಇಟ್ಟುಕೊಂಡಿರುವ ವಿಜಯಪುರ, ಕಲಬುರಗಿ ಕಡೆಯವರಿದ್ದಾರೆ. ವಾಶಿ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರ ಮಾಡುವವರಿದ್ದಾರೆ. ಅವರ ಜಿಎಸ್‌ಟಿ ರಿಟರ್ನ್, ಅಡ್ವಾನ್ಸ್ ಟ್ಯಾಕ್ಸ್ ಚಲನ್, ಟಿಡಿಎಸ್ ಎಲ್ಲ ನನ್ನ ಮೇಜಿನ ಮೇಲಿಂದಲೇ ಹೋಗುತ್ತವೆ. ಸರ್ಕಾರಕ್ಕೆ ಹಣ ಯಾವ ಹೆಸರಲ್ಲಿ, ಯಾವ ಸಾಲಿನಲ್ಲಿ ಹೋಗುತ್ತದೆ ಎಂದು ದಿನಾ ನೋಡುವುದೇ ನನ್ನ ಕೆಲಸ. ನಾನು ಹೇಳಬೇಕಾಗಿರುವುದು ಆ ಸಾಲುಗಳ ಬಗ್ಗೆಯೇ, ಅದರಲ್ಲೂ ಸೆಸ್ (ಒಂದು ನಿರ್ದಿಷ್ಟ ಕೆಲಸದ ಹೆಸರಲ್ಲಿ ಹಾಕುವ ತೆರಿಗೆ) ಮತ್ತು ಸರ್‌ಚಾರ್ಜ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಎಂಬ ಎರಡು ಸಾಲುಗಳ ಬಗ್ಗೆ.

ನೀವು ರಾಜ್ಯಸಭೆಗೆ ಕರ್ನಾಟಕದಿಂದ ಆಯ್ಕೆಯಾದವರು. ಹಾಗಾಗಿ ಕಳೆದ ವರ್ಷ ಫೆಬ್ರವರಿ 7ರಂದು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು ಧರಣಿ ಕೂತಾಗ ಎದ್ದ ಮಾತು ನಿಮಗೆ ಗೊತ್ತೇ ಇದೆ. ನನ್ನ ತೆರಿಗೆ ನನ್ನ ಹಕ್ಕು ಎಂಬ ಘೋಷಣೆ ಊರಿನ ನೆಂಟರ ವಾಟ್ಸ್ಆ್ಯಪ್‌ನಿಂದ ಇಲ್ಲಿನ ಹೋಟೆಲ್‌ಗಳ ಗಲ್ಲಾಪೆಟ್ಟಿಗೆಯವರೆಗೂ ಬಂತು. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಸಲಹೆ ಕೊಡುವುದು ಹಣಕಾಸು ಆಯೋಗ. ಹದಿನಾಲ್ಕನೇ ಆಯೋಗ ಇದ್ದಾಗ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. ಹದಿನೈದನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. ಮಹಾರಾಷ್ಟ್ರದ್ದು ಅದೇ ಹೊತ್ತಿಗೆ ಶೇ 5.521ರಿಂದ 6.317ಕ್ಕೆ ಏರಿತು. ಈ ಜನವರಿ 10ರಂದು ನಿಮ್ಮ ಇಲಾಖೆ ಎಲ್ಲ ರಾಜ್ಯಗಳಿಗೆ ಸೇರಿ ಬಿಡುಗಡೆ ಮಾಡಿದ 1,73,030 ಕೋಟಿ ರೂಪಾಯಿಯಲ್ಲಿ ಕರ್ನಾಟಕಕ್ಕೆ ಬಂದದ್ದು ಸುಮಾರು 6,310 ಕೋಟಿ, ಮಹಾರಾಷ್ಟ್ರಕ್ಕೆ ಸುಮಾರು 10,930 ಕೋಟಿ. ಹಳೇ ಪ್ರಮಾಣದಲ್ಲೇ ಆಗಿದ್ದರೆ ಕರ್ನಾಟಕಕ್ಕೆ ಆ ಒಂದೇ ಕಂತಿನಲ್ಲಿ 8,150 ಕೋಟಿಗೂ ಜಾಸ್ತಿ ಬರುತ್ತಿತ್ತು. ಈ ನೋವು ಸುಳ್ಳಲ್ಲ. ಇದನ್ನು ಸ್ವಲ್ಪ ಸರಿಪಡಿಸಲೆಂದು ಅದೇ ಆಯೋಗ 2020-21ಕ್ಕೆ 5,495 ಕೋಟಿಯ ವಿಶೇಷ ಅನುದಾನ ಕೊಡಿ ಎಂದಿತ್ತು. ಅದನ್ನೂ ಕೇಂದ್ರ ಒಪ್ಪಲಿಲ್ಲ. 2023-24ರ ಬಜೆಟ್‌ನಲ್ಲಿ ನೀವೇ ಘೋಷಿಸಿದ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ 5,300 ಕೋಟಿಗೆ ಚಿತ್ರದುರ್ಗದ ಜನ ಇನ್ನೂ ಕಾಯುತ್ತಿದ್ದಾರೆ.

ಆದರೆ ನನ್ನ ದೂರು ಇಲ್ಲಿಗೆ ನಿಲ್ಲುವುದಿಲ್ಲ. ಒಂದು ರೂಪಾಯಿ ಕೊಟ್ಟರೆ ಇಷ್ಟು ಪೈಸೆ ವಾಪಸ್ ಬರುತ್ತದೆ ಎಂಬ ಲೆಕ್ಕವನ್ನು ಎರಡೂ ರಾಜ್ಯದವರು ಹೇಳುತ್ತಾರೆ. ಮುಂಬಯಿಯಲ್ಲಿ ಕೂತು ನೋಡಿದರೆ ಆ ಲೆಕ್ಕದ ಬುಡವೇ ಅಲುಗಾಡುತ್ತದೆ. ದೇಶದ ನೇರ ತೆರಿಗೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಹಾರಾಷ್ಟ್ರದ ಹೆಸರಲ್ಲಿ ಬೀಳುತ್ತದೆ. ಯಾಕೆ? ಕಂಪನಿಗಳ ನೋಂದಾಯಿತ ಕಚೇರಿ ಇಲ್ಲಿವೆ. ಕಂಪನಿಯ ಪ್ಯಾನ್ ಎಲ್ಲಿಯದೋ ತೆರಿಗೆ ಅಲ್ಲಿಯದು. ತೋರಣಗಲ್ಲಿನಲ್ಲಿ ಉಕ್ಕು ಕಾಯುತ್ತದೆ. ಅದಿರಿನ ದೂಳು ಬಳ್ಳಾರಿ, ಸಂಡೂರಿನವರ ಮನೆ ಮೇಲೆ ಕೂರುತ್ತದೆ. ಆ ಕಂಪನಿಯ ನೋಂದಾಯಿತ ಕಚೇರಿ ಮಾತ್ರ ಇಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದೆ.

ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ಕರಾವಳಿಯವರ ಕಾರ್ಪೊರೇಷನ್ ಬ್ಯಾಂಕ್ ಇದೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಮುಖ್ಯ ಕಚೇರಿ ಇಟ್ಟುಕೊಂಡಿದ್ದ ಬ್ಯಾಂಕ್ ಅದು. 2020ರ ಏಪ್ರಿಲ್ 1ರಂದು ಮುಂಬಯಿಯ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅಂಗಡಿಯವರು, ಮೀನುಗಾರರು, ಗೇರುಬೀಜದ ಕಾರ್ಖಾನೆಯವರು ಅದೇ ಊರಲ್ಲೇ ಇದ್ದಾರೆ. ಅವರ ಖಾತೆ, ಸಾಲ, ಬಡ್ಡಿ ಎಲ್ಲ ಅಲ್ಲೇ ನಡೆಯುತ್ತಿದೆ. ಆ ಬಡ್ಡಿಯ ಲಾಭದ ಮೇಲಿನ ತೆರಿಗೆ ಮಾತ್ರ ಮುಂಬಯಿಯ ಲೆಕ್ಕಕ್ಕೆ ಬರುತ್ತದೆ. ಹೀಗಿರುವಾಗ ಇದು ಇಂಥ ರಾಜ್ಯದ ತೆರಿಗೆ ಎಂದು ಗಟ್ಟಿಯಾಗಿ ಹೇಳುವುದು ಹೇಗೆ? ಇಲ್ಲಿ ಮಹಾರಾಷ್ಟ್ರದ ಗೆಳೆಯರು ತಮ್ಮ ರಾಜ್ಯ ಇಡೀ ದೇಶವನ್ನು ಸಾಕುತ್ತಿದೆ ಎಂದು ಹೇಳಿದಾಗಲೂ ನಾನು ಇದನ್ನೇ ಹೇಳುತ್ತೇನೆ. ಬೆಂಗಳೂರಿನ ನೆಂಟರಿಗೂ ಇದನ್ನೇ ಹೇಳುತ್ತೇನೆ.

ಇನ್ನೊಂದು ಮಾತು. ಉತ್ತರ ಪ್ರದೇಶ, ಬಿಹಾರಕ್ಕೆ ಜಾಸ್ತಿ ಹೋಗುತ್ತದೆ ಎಂಬ ಸಿಟ್ಟು. ಒಂದು ಕಾಲದಲ್ಲಿ ಮುಂಬಯಿಯ ನಮ್ಮ ಹೋಟೆಲ್‌ಗಳಲ್ಲಿ ಕುಂದಾಪುರ, ಕಾರ್ಕಳದ ಹುಡುಗರು ಟೇಬಲ್ ಒರೆಸುತ್ತಿದ್ದರು. ಹಗಲು ಕೆಲಸ ಮಾಡಿ ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಈಗ ಊರಿನ ಹುಡುಗರು ಬರುವುದಿಲ್ಲ. ಬರಬೇಕಾದ ಕಷ್ಟ ಅವರಿಗಿಲ್ಲ, ಅದು ಸಂತೋಷದ ವಿಷಯ. ಈಗ ದೋಸೆ ಹುಯ್ಯುವವರು, ಪಾತ್ರೆ ತೊಳೆಯುವವರು ಬಿಹಾರ, ಉತ್ತರ ಪ್ರದೇಶ, ಜಾರ್ಖಂಡ್, ಒಡಿಶಾದವರು. ಅವರ ಊರಿನ ಶಾಲೆ, ಆಸ್ಪತ್ರೆಗೆ ಹಣ ಹೋಗಬೇಕು. ಖಂಡಿತ ಹೋಗಬೇಕು. ಹದಿನೈದನೇ ಆಯೋಗ ತಲಾ ಆದಾಯದ ಅಂತರಕ್ಕೆ ನೂರಕ್ಕೆ 45 ಅಂಕ ಇಟ್ಟದ್ದು ಬಡ ರಾಜ್ಯಗಳಿಗೆ ಹೆಚ್ಚು ಸಿಗಲಿ ಎಂದೇ. ಆ ಸೂತ್ರದಲ್ಲಿ ಬೆಂಗಳೂರಿನ ಆದಾಯ ಇಡೀ ಕರ್ನಾಟಕದ ಸರಾಸರಿಯನ್ನು ಮೇಲೆತ್ತುತ್ತದೆ. ಯಾದಗಿರಿ, ಕಲಬುರಗಿಯಿಂದ ಮಕ್ಕಳನ್ನು ಕಟ್ಟಿಕೊಂಡು ಪುಣೆಯ, ಮುಂಬಯಿಯ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳು ಆ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಅದನ್ನು ಡಾ. ಅರವಿಂದ ಪನಗರಿಯಾ ಅವರ ಹದಿನಾರನೇ ಆಯೋಗ ನೋಡಬೇಕು. ಇವತ್ತು ನಿಮ್ಮ ಕೈಯಲ್ಲೇ ಇರುವ ವಿಷಯ ಬೇರೆ.

ರಾಜ್ಯಗಳಿಗೆ ಶೇ 41 ಹಂಚುತ್ತೇವೆ ಎಂದು ಕೇಂದ್ರ ಹೇಳುತ್ತದೆ. ನನ್ನ ಪ್ರಶ್ನೆ ಒಂದೇ. ಶೇ 41 ಯಾವುದರಲ್ಲಿ?

ನಮ್ಮ ಹೋಟೆಲ್‌ಗಳಲ್ಲಿ ಪಾಲುದಾರಿಕೆ ತುಂಬಾ ಸಾಮಾನ್ಯ. ಇಬ್ಬರು ಸೇರಿ ಹೋಟೆಲ್ ಹಾಕುತ್ತಾರೆ, ಪತ್ರ ಮಾಡಿಕೊಳ್ಳುತ್ತಾರೆ, ಲಾಭದಲ್ಲಿ ಇವರಿಗೆ 59, ಅವರಿಗೆ 41. ಗಲ್ಲಾದಲ್ಲಿ ಕೂರುವ ಪಾಲುದಾರರು ಪಾರ್ಸೆಲ್ ಕೌಂಟರಿನ ಹಣವನ್ನು ಬೇರೆ ಡಬ್ಬಿಗೆ ಹಾಕಿ, ಉಳಿದದ್ದರಲ್ಲಿ ಮಾತ್ರ 41 ಕೊಟ್ಟರೆ ಪತ್ರಕ್ಕೆ ತಪ್ಪಿ ನಡೆದಂತೆ ಕಾಣುವುದಿಲ್ಲ. ಪಾಲು ಮಾತ್ರ ಕರಗುತ್ತಾ ಹೋಗುತ್ತದೆ. ಸೆಸ್ ಮತ್ತು ಸರ್‌ಚಾರ್ಜ್ ಮಾಡುತ್ತಿರುವುದು ಅದನ್ನೇ.

ಇದು ಕಾನೂನಿಗೆ ವಿರುದ್ಧ ಎಂದು ನಾನು ಹೇಳುತ್ತಿಲ್ಲ. ಮೊದಲು ಆದಾಯ ತೆರಿಗೆ ಮತ್ತು ಕೇಂದ್ರ ಅಬಕಾರಿ ಸುಂಕವನ್ನು ಮಾತ್ರ ರಾಜ್ಯಗಳ ಜೊತೆ ಹಂಚುತ್ತಿದ್ದರು. ಕಂಪನಿ ತೆರಿಗೆ, ಕಸ್ಟಮ್ಸ್ ಹಂಚಿಕೆಗೆ ಬರುತ್ತಿರಲಿಲ್ಲ. ಹತ್ತನೇ ಹಣಕಾಸು ಆಯೋಗದ ಸಲಹೆಯಂತೆ 2000ದಲ್ಲಿ ಸಂವಿಧಾನಕ್ಕೆ 80ನೇ ತಿದ್ದುಪಡಿ ಬಂತು. ಕೇಂದ್ರದ ಎಲ್ಲ ತೆರಿಗೆಯೂ ಹಂಚಿಕೆಗೆ ಬರಲಿ ಎಂಬುದು ಅದರ ಆಶಯ. ಎರಡನ್ನು ಮಾತ್ರ ಹೊರಗಿಟ್ಟರು. ಒಂದು ಸೆಸ್, ಇನ್ನೊಂದು 271ನೇ ವಿಧಿಯ ಸರ್‌ಚಾರ್ಜ್. ತುರ್ತಿಗೆ, ನಿರ್ದಿಷ್ಟ ಕೆಲಸಕ್ಕೆ, ಸ್ವಲ್ಪ ಕಾಲಕ್ಕೆ ಬೇಕಾಗಬಹುದು ಎಂದು ಬಿಟ್ಟ ಬಾಗಿಲು ಅದು. ಆ ಬಾಗಿಲಿನಿಂದ ಈಗ ಎಷ್ಟು ಹೋಗುತ್ತಿದೆ ನೋಡಿ. 2011-12ರಲ್ಲಿ ಕೇಂದ್ರದ ಒಟ್ಟು ತೆರಿಗೆಯಲ್ಲಿ ಸೆಸ್, ಸರ್‌ಚಾರ್ಜ್ ಸೇರಿ ಸುಮಾರು ಶೇ 10 ಇತ್ತು. 2020ರ ಹೊತ್ತಿಗೆ ಅದು ಶೇ 20ರ ಹತ್ತಿರ ಬಂತು. ಆಮೇಲೆ ಸ್ವಲ್ಪ ಇಳಿದಿದೆ, ನಿಜ. ಹಳೆಯ ಮಟ್ಟಕ್ಕೆ ಬಂದಿಲ್ಲ.

ಪೆಟ್ರೋಲ್ ಲೆಕ್ಕ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 2018ರ ಜನವರಿಯಲ್ಲಿ ಒಂದು ಲೀಟರ್ ಸಾಮಾನ್ಯ ಪೆಟ್ರೋಲ್ ಮೇಲೆ ಕೇಂದ್ರದ ಸುಂಕ 19 ರೂಪಾಯಿ 48 ಪೈಸೆ ಇತ್ತು. ಅದರಲ್ಲಿ ರಾಜ್ಯಗಳ ಜೊತೆ ಹಂಚಬೇಕಾದ ಮೂಲ ಸುಂಕ 6 ರೂಪಾಯಿ 48 ಪೈಸೆ. ಆ ವರ್ಷದ ಬಜೆಟ್‌ನಲ್ಲಿ ಮೂಲ ಸುಂಕವನ್ನು 2 ರೂಪಾಯಿ ಇಳಿಸಿದರು. ಹಿಂದೆ ಇದ್ದ 6 ರೂಪಾಯಿಯ ಹೆಚ್ಚುವರಿ ಸುಂಕವನ್ನು ತೆಗೆದರು. ಅಲ್ಲಿಗೆ 8 ರೂಪಾಯಿ ಇಳಿಯಿತು. ಅದೇ ದಿನ 8 ರೂಪಾಯಿಯ ರಸ್ತೆ ಮತ್ತು ಮೂಲಸೌಕರ್ಯ ಸೆಸ್ ಹಾಕಿದರು. ಪಂಪಿನಲ್ಲಿ ಬೆಲೆ ಒಂದು ಪೈಸೆಯೂ ಬದಲಾಗಲಿಲ್ಲ. ಹಂಚಿಕೆಯ ಲೆಕ್ಕದಿಂದ ಲೀಟರಿಗೆ 2 ರೂಪಾಯಿ ಮಾಯವಾಯಿತು. ಕೋವಿಡ್ ಕಾಲದಲ್ಲಿ ಸುಂಕ ಏರಿತು. 2021ರ ಬಜೆಟ್‌ನಲ್ಲಿ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ಎಂಬ ಇನ್ನೊಂದು ಸೆಸ್ ಬಂತು. ಆಗ ಒಟ್ಟು 32 ರೂಪಾಯಿ 90 ಪೈಸೆಯಲ್ಲಿ ಹಂಚಿಕೆಗೆ ಸಿಗುತ್ತಿದ್ದದ್ದು 1 ರೂಪಾಯಿ 40 ಪೈಸೆ ಮಾತ್ರ. ಮುಂದೆ ನೀವು ಎರಡು ಸಲ ಸುಂಕ ಇಳಿಸಿದಿರಿ. ಜನರಿಗೆ ಅನುಕೂಲವಾಯಿತು. 2022ರ ಮೇ ತಿಂಗಳಿಂದ ಒಟ್ಟು 19 ರೂಪಾಯಿ 90 ಪೈಸೆ ಇದೆ. ಅಂದರೆ ಹೆಚ್ಚುಕಡಿಮೆ 2018ರಷ್ಟೇ. ಹಂಚಿಕೆಯ ಭಾಗ ಮಾತ್ರ 6.48ಕ್ಕೆ ವಾಪಸ್ ಹೋಗಲಿಲ್ಲ. 1.40ರಲ್ಲೇ ನಿಂತಿದೆ.

ಕಲಂಬೋಲಿಯ ನನ್ನ ಲಾರಿ ಮಾಲೀಕರೊಬ್ಬರು ಬೆಂಗಳೂರಿಗೆ ಹೋಗುವ ಗಾಡಿಗೆ 300 ಲೀಟರ್ ಡೀಸೆಲ್ ತುಂಬಿಸುತ್ತಾರೆ ಎಂದುಕೊಳ್ಳಿ. ಲೀಟರಿಗೆ 15 ರೂಪಾಯಿ 80 ಪೈಸೆಯಂತೆ ಕೇಂದ್ರಕ್ಕೆ 4,740 ರೂಪಾಯಿ ಹೋಗುತ್ತದೆ. ಮೂಲ ಸುಂಕ ಲೀಟರಿಗೆ 1 ರೂಪಾಯಿ 80 ಪೈಸೆ. ಹಾಗಾಗಿ ಹಂಚಿಕೆಗೆ ಬರುವುದು 540 ರೂಪಾಯಿ. ಅದರ ಶೇ 41 ಅಂದರೆ ದೇಶದ ಎಲ್ಲ ರಾಜ್ಯಗಳಿಗೆ ಸೇರಿ 221 ರೂಪಾಯಿ ಚಿಲ್ಲರೆ. ಮಹಾರಾಷ್ಟ್ರಕ್ಕೆ 14 ರೂಪಾಯಿ, ಕರ್ನಾಟಕಕ್ಕೆ 8 ರೂಪಾಯಿ. ಆ ಗಾಡಿ ಓಡುವುದು ಈ ಎರಡೇ ರಾಜ್ಯಗಳ ನೆಲದ ಮೇಲೆ. ಈ ಲೆಕ್ಕ ತೋರಿಸಿದಾಗ ಅವರು ಹೇಳಿದ ಮಾತು ಇಲ್ಲಿ ಹಾಗೇ ಬರೆಯುತ್ತೇನೆ: "ಡೀಸೆಲ್ ಒಳಗ ರೋಡಿನ ರೊಕ್ಕ ಕೊಡ್ತೀನಿ. ಟೋಲ್‌ನಾಗ ಮತ್ತ ರೋಡಿನ ರೊಕ್ಕ ಕೊಡ್ತೀನಿ. ಒಂದ ರೋಡಿಗೆ ಎಷ್ಟ ಸಲ ಕೊಡಬೇಕ್ರಿ?"

ರಾಜ್ಯಗಳು ಡೀಸೆಲ್ ಮೇಲೆ ತಮ್ಮ ತೆರಿಗೆ ಬೇರೆ ಹಾಕುತ್ತವೆ ಅಲ್ವಾ ಎಂದು ನೀವು ಕೇಳಬಹುದು. ಹಾಕುತ್ತವೆ. ಕಳೆದ ಜೂನ್‌ನಲ್ಲಿ ಕರ್ನಾಟಕ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 14.3ರಿಂದ ಶೇ 18.4ಕ್ಕೆ ಏರಿಸಿತು. ನನಗೆ ಅದು ಇಷ್ಟವಾಗಲಿಲ್ಲ. ಆದರೆ 2017ರಲ್ಲಿ ಜಿಎಸ್‌ಟಿಗಾಗಿ ರಾಜ್ಯಗಳು ವ್ಯಾಟ್, ಪ್ರವೇಶ ತೆರಿಗೆ, ಐಷಾರಾಮ ತೆರಿಗೆ ಎಲ್ಲ ಬಿಟ್ಟುಕೊಟ್ಟವು. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರಕ್ಕೆ ಮೂರನೇ ಒಂದು ಭಾಗ ಮತ ಇದೆ, ತೀರ್ಮಾನಕ್ಕೆ ಮುಕ್ಕಾಲು ಮತ ಬೇಕು. ಕೇಂದ್ರ ಒಪ್ಪದಿದ್ದರೆ ಅಲ್ಲಿ ಏನೂ ಆಗದು. ದರವನ್ನು ತಾವೇ ತೀರ್ಮಾನಿಸಬಹುದಾದ ದೊಡ್ಡ ತೆರಿಗೆಗಳೆಂದು ರಾಜ್ಯಗಳಿಗೆ ಉಳಿದಿರುವುದು ಇಂಧನ, ಮದ್ಯ, ಮನೆ-ಜಮೀನು ನೋಂದಣಿ, ವಾಹನ. ಮೇಲಿನಿಂದ ಬರುವ ಪಾಲು ಕರಗಿದರೆ ಅವರು ಕೈ ಹಾಕುವುದು ಅಲ್ಲಿಗೇ. ಕೊನೆಗೆ ಎರಡೂ ಕಡೆಯ ಏಟು ಬೀಳುವುದು ಆ ಲಾರಿಯವರಿಗೆ.

ವಾಶಿಯ ಸೇಬಿನದೂ ಇದೇ ಕತೆ. 2021ರ ಬಜೆಟ್‌ವರೆಗೆ ಆಮದು ಸೇಬಿಗೆ ಶೇ 50 ಮೂಲ ಕಸ್ಟಮ್ಸ್ ಸುಂಕ ಇತ್ತು. ಆ ಬಜೆಟ್ ಅದನ್ನು ಶೇ 15 ಮೂಲ ಸುಂಕ, ಶೇ 35 ಕೃಷಿ ಸೆಸ್ ಎಂದು ಒಡೆಯಿತು. ವ್ಯಾಪಾರಿ ಕಟ್ಟುವುದು ಅಷ್ಟೇ. ಹಂಚಿಕೆಗೆ ಬರುವುದು 50ರ ಬದಲು 15.

ಇನ್ನು ಕಂಪನಿ ತೆರಿಗೆ. 2019ರ ಸೆಪ್ಟೆಂಬರ್‌ನಲ್ಲಿ ನೀವು ತಂದ ಶೇ 22ರ ದರ ಒಳ್ಳೆಯದು. ನಮ್ಮ ಹೋಟೆಲ್‌ನವರಲ್ಲಿ ಈಗ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರು ಅದನ್ನೇ ಆರಿಸಿಕೊಂಡಿದ್ದಾರೆ. ಆದರೆ ಆ ದರ ಆರಿಸಿಕೊಂಡರೆ ಲಾಭ ಎಷ್ಟೇ ಚಿಕ್ಕದಿರಲಿ, ಶೇ 10 ಸರ್‌ಚಾರ್ಜ್ ಕಡ್ಡಾಯ. ಮೇಲೆ ಶೇ 4 ಆರೋಗ್ಯ ಮತ್ತು ಶಿಕ್ಷಣ ಸೆಸ್. 40 ಲಕ್ಷ ಲಾಭ ಬಂದ ಹೋಟೆಲ್ ಕಂಪನಿ 8,80,000 ತೆರಿಗೆ, 88,000 ಸರ್‌ಚಾರ್ಜ್, 38,720 ಸೆಸ್ ಕಟ್ಟುತ್ತದೆ. ಒಟ್ಟು 10,06,720. ಅದರಲ್ಲಿ 1,26,720 ರೂಪಾಯಿಗೆ ಯಾವ ರಾಜ್ಯದ ಪಾಲೂ ಇಲ್ಲ. ಸರ್‌ಚಾರ್ಜ್ ಎಂದರೆ ದೊಡ್ಡ ಶ್ರೀಮಂತರ ಮೇಲಿನ ತೆರಿಗೆ ಎಂದು ಜನ ತಿಳಿದಿದ್ದಾರೆ. ಡೊಂಬಿವಲಿಯ ಸ್ಟೇಷನ್ ಹತ್ತಿರ ಇಡ್ಲಿ ವಡೆ ಮಾರುವ ಕಂಪನಿಯೂ ಅದನ್ನು ಕಟ್ಟುತ್ತದೆ. ಈ ದರದ ಎಲ್ಲ ಕಂಪನಿಗೂ, ಎಲ್ಲ ವರ್ಷವೂ ಇರುವ ತೆರಿಗೆಯನ್ನು ಮೂಲ ತೆರಿಗೆ ಎಂದೇ ಕರೆಯಬೇಕು.

ಈಗ ಹೇಳಿ, ಇದರಿಂದ ಯಾರಿಗೆ ನಷ್ಟ ಹೆಚ್ಚು? 100 ರೂಪಾಯಿ ಮೂಲ ತೆರಿಗೆಯಿಂದ ಸೆಸ್‌ಗೆ ಜಾರಿದರೆ ಎಲ್ಲ ರಾಜ್ಯಗಳಿಗೆ ಸೇರಿ 41 ರೂಪಾಯಿ ಹೋಗುತ್ತದೆ. ಈಗಿನ ಪ್ರಮಾಣದಲ್ಲಿ ಅದರಲ್ಲಿ ಕರ್ನಾಟಕದ ನಷ್ಟ ಒಂದೂವರೆ ರೂಪಾಯಿ. ಮಹಾರಾಷ್ಟ್ರದ್ದು ಎರಡೂವರೆ ದಾಟುತ್ತದೆ. ಬಿಹಾರದ್ದು 4 ರೂಪಾಯಿ 12 ಪೈಸೆ. ಉತ್ತರ ಪ್ರದೇಶದ್ದು 7 ರೂಪಾಯಿ 35 ಪೈಸೆ. ಹಂಚಿಕೆಯ ಸೂತ್ರಕ್ಕಾಗಿ ದಕ್ಷಿಣ, ಉತ್ತರ ಎಂದು ಜಗಳ ಆಡುತ್ತಿದ್ದೇವೆ. ಆ ಹೊತ್ತಿನಲ್ಲಿ ಹಂಚುವ ಮೊತ್ತವೇ ಚಿಕ್ಕದಾಗುತ್ತಿದೆ, ಎಲ್ಲರಿಗಿಂತ ಜಾಸ್ತಿ ಕಳೆದುಕೊಳ್ಳುತ್ತಿರುವವರು ಬಡ ರಾಜ್ಯದವರು. ನಮ್ಮ ಹೋಟೆಲ್‌ನಲ್ಲಿ ದೋಸೆ ಹುಯ್ಯುವ ಹುಡುಗನ ಊರಿಗೂ, ಯಾದಗಿರಿಯ ಕಟ್ಟಡ ಕೆಲಸದವರ ಊರಿಗೂ ಒಂದೇ ಕಡೆಯಿಂದ ಹಣ ತಪ್ಪುತ್ತಿದೆ. ಕರ್ನಾಟಕದ ನಾಯಕರು ಪಟ್ನಾದಲ್ಲೂ ಲಖನೌದಲ್ಲೂ ಹೋಗಿ ಇದನ್ನು ಹೇಳಬೇಕಿತ್ತು ಎಂದು ನನಗೆ ಅನಿಸುತ್ತದೆ.

ಸೆಸ್ ಹಣ ಹೇಳಿದ ಕೆಲಸಕ್ಕೆ ಹೋಗುತ್ತದೆಯೇ? ಹೋಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2018-19ರಲ್ಲಿ 35 ಬಗೆಯ ಸೆಸ್ ಮತ್ತಿತರ ಶುಲ್ಕಗಳಿಂದ ಸುಮಾರು 2.74 ಲಕ್ಷ ಕೋಟಿ ಬಂತು, ಅದಕ್ಕೆಂದು ಇರುವ ನಿಧಿಗಳಿಗೆ ಹೋದದ್ದು ಸುಮಾರು 1.64 ಲಕ್ಷ ಕೋಟಿ ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹೇಳಿತು. ರಾಜ್ಯಗಳಿಗೆ ಕೊಡಲೆಂದೇ ಇದ್ದ ಜಿಎಸ್‌ಟಿ ಪರಿಹಾರ ಸೆಸ್‌ನಲ್ಲೂ ಮೊದಲ ಎರಡು ವರ್ಷಗಳಲ್ಲಿ 47,272 ಕೋಟಿ ನಿಧಿಗೆ ಸೇರಿರಲಿಲ್ಲ. ಲೆಕ್ಕ ಹೊಂದಿಸಲು ತಡವಾಯಿತು, ಪರಿಹಾರವನ್ನು ಪೂರ್ತಿ ಕೊಟ್ಟಿದ್ದೇವೆ ಎಂದು ನಿಮ್ಮ ಇಲಾಖೆ ಉತ್ತರ ಕೊಟ್ಟಿದೆ. ಅದನ್ನೂ ಓದಿದ್ದೇನೆ. ಆದರೆ ನಾನು ಒಂದು ಹೋಟೆಲ್‌ನ ಪಿಎಫ್ ಹಣವನ್ನು ಆ ತಿಂಗಳೇ ಕಟ್ಟದೆ, ಲೆಕ್ಕ ಹೊಂದಿಸುತ್ತಿದ್ದೇನೆ ಎಂದರೆ ದಂಡ ತಪ್ಪುವುದಿಲ್ಲ.

ಶಿಕ್ಷಣ ಸೆಸ್ ಬಗ್ಗೆ ನನಗೆ ಹೆಚ್ಚು ನೋವಿದೆ. 2004ರಿಂದ ಶೇ 2 ಕಟ್ಟಿದೆವು. 2007ರಲ್ಲಿ ಮಾಧ್ಯಮಿಕ ಮತ್ತು ಉನ್ನತ ಶಿಕ್ಷಣಕ್ಕೆಂದು ಶೇ 1 ಸೇರಿತು. ಆ ಶೇ 1ರ ಹಣವನ್ನು ಇಡಲು ನಿಧಿಯೊಂದನ್ನು ಮಾಡಲು ಸಂಪುಟ ಒಪ್ಪಿದ್ದು 2017ರ ಆಗಸ್ಟ್‌ನಲ್ಲಿ. ಅಷ್ಟು ವರ್ಷ ಯಾವ ಹೆಸರಲ್ಲಿ ವಸೂಲಿ ಮಾಡಿದರೋ ಆ ಹೆಸರಿನ ಪೆಟ್ಟಿಗೆಯೇ ಇರಲಿಲ್ಲ. ಈ ನಗರದಲ್ಲಿ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಬಡ ಕನ್ನಡಿಗರ ಮಕ್ಕಳು ಅಲ್ಲಿ ಓದಿ ಮೇಲೆ ಬಂದಿದ್ದಾರೆ. ಈಗ ಅಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಎಲ್ಲ ತೊಂದರೆಯೂ ಹಣದ್ದೇ ಎಂದು ನಾನು ಹೇಳುವುದಿಲ್ಲ. ಆದರೆ ಶಾಲೆ ನಡೆಸುವವರು ರಾಜ್ಯಗಳು, ಪಾಲಿಕೆಗಳು, ಪಂಚಾಯಿತಿಗಳು. ಮೇಷ್ಟ್ರ ಸಂಬಳ ಕೊಡುವವರೂ ಅವರೇ. ಶಿಕ್ಷಣದ ಹೆಸರಲ್ಲಿ ವಸೂಲಾದ ಹಣದಲ್ಲಿ ಹಕ್ಕಿನಿಂದ ಕೇಳುವ ಪಾಲು ಅವರಿಗಿಲ್ಲ ಅಂದರೆ ಅದು ಸರಿಯೇ?

ನಿಮ್ಮ ಕಡೆಯ ವಾದವೂ ನನಗೆ ಗೊತ್ತು. ಸೈನ್ಯ, ರೈಲು, ರಾಷ್ಟ್ರೀಯ ಹೆದ್ದಾರಿ ನೋಡಿಕೊಳ್ಳಬೇಕಾದವರು ಕೇಂದ್ರದವರು. ಕೋವಿಡ್‌ನಲ್ಲಿ ಉಚಿತ ಅಕ್ಕಿ, ಲಸಿಕೆ ಕೊಟ್ಟವರು ಕೇಂದ್ರದವರು. ಪುಣೆ, ಕೊಲ್ಹಾಪುರ, ಬೆಳಗಾವಿ ದಾಟಿ ಹೋಗುವ ಹೆದ್ದಾರಿ ನಾನು ಚಿಕ್ಕವನಿದ್ದಾಗ ಹೇಗಿತ್ತು, ಈಗ ಹೇಗಿದೆ ಎಂದು ನಮಗೆ ಗೊತ್ತಿದೆ. ಸೆಸ್ ಹಣವನ್ನೂ ಕೊನೆಗೆ ರಾಜ್ಯಗಳಲ್ಲೇ ಖರ್ಚು ಮಾಡುತ್ತೇವೆ ಎಂದು ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ನನ್ನ ತಕರಾರು ಇಲ್ಲೇ. ರಾಜ್ಯದಲ್ಲಿ ಖರ್ಚು ಮಾಡುವುದು ಬೇರೆ, ರಾಜ್ಯ ತಾನೇ ತೀರ್ಮಾನಿಸಿ ಖರ್ಚು ಮಾಡುವುದು ಬೇರೆ. ಕೇಂದ್ರದ ಯೋಜನೆಯಾದರೆ ಹೆಚ್ಚಿನವಕ್ಕೆ ರಾಜ್ಯ ಶೇ 40 ಸೇರಿಸಬೇಕು. ಈ ವರ್ಷ ರಾಜ್ಯಗಳಿಗೆ 50 ವರ್ಷದ ಬಡ್ಡಿಯಿಲ್ಲದ ಸಾಲಕ್ಕೆಂದು 1.5 ಲಕ್ಷ ಕೋಟಿ ಇಟ್ಟಿದ್ದೀರಿ. ಅದರಲ್ಲಿ ಒಂದಷ್ಟು ಭಾಗಕ್ಕೆ ಷರತ್ತುಗಳಿವೆ. ಪಾಲಾಗಿ ಬರಬೇಕಾದ್ದು ಸಾಲವಾಗಿ ಬಂದರೆ, ಎಷ್ಟೇ ಬಡ್ಡಿ ಇಲ್ಲದಿದ್ದರೂ, ಕೈ ಚಾಚುವವರು ರಾಜ್ಯಗಳೇ ಆಗುತ್ತವೆ.

ರಾಜ್ಯಗಳೂ ಈ ವಿಷಯದಲ್ಲಿ ಸಾಚಾ ಅಲ್ಲ. ಇದೇ ಪತ್ರದಲ್ಲಿ ಅದನ್ನೂ ಹೇಳಬೇಕು. 2017ರ ಜುಲೈವರೆಗೆ ಮುಂಬಯಿ ಪಾಲಿಕೆಗೆ ಆಕ್ಟ್ರಾಯ್, ಅಂದರೆ ನಗರದೊಳಗೆ ಬರುವ ಸರಕಿನ ಮೇಲಿನ ಸುಂಕ, ದೊಡ್ಡ ಸ್ವಂತ ಆದಾಯವಾಗಿತ್ತು. ದಹಿಸರ್, ಮುಲುಂಡ್ ನಾಕಾಗಳಲ್ಲಿ ಲಾರಿಗಳ ಸಾಲು ನೋಡಿದವರಿಗೆ ಅದು ಹೋದದ್ದು ಒಳ್ಳೆಯದೇ ಅನಿಸುತ್ತದೆ. ಆದರೆ ಅದರ ಬದಲು ಈಗ ಪಾಲಿಕೆ ರಾಜ್ಯ ಸರ್ಕಾರ ಕೊಡುವ ತಿಂಗಳ ಪರಿಹಾರದ ದಾರಿ ನೋಡುತ್ತದೆ. ಚುನಾಯಿತ ಕಾರ್ಪೊರೇಟರ್‌ಗಳ ಅವಧಿ 2022ರ ಮಾರ್ಚ್‌ನಲ್ಲೇ ಮುಗಿದು, ಆಡಳಿತಾಧಿಕಾರಿಯ ಕೈಯಲ್ಲಿ ಪಾಲಿಕೆ ನಡೆಯುತ್ತಿದೆ. ದಿಲ್ಲಿಯ ಮುಂದೆ ಹಕ್ಕು ಕೇಳುವ ರಾಜ್ಯಗಳು ತಮ್ಮ ನಗರ, ಪಂಚಾಯಿತಿಗಳ ಹಕ್ಕನ್ನೂ ಕೊಡಬೇಕು. ಆ ಪತ್ರ ಬೇರೆ ಬರೆಯಬೇಕಾಗಿದೆ. ಅವರ ತಪ್ಪು ನಿಮ್ಮ ಇಲಾಖೆಗೆ ನೆಪ ಆಗಬಾರದು.

ಇಷ್ಟು ಹೇಳಿ ನನ್ನ ಬೇಡಿಕೆಗೆ ಬರುತ್ತೇನೆ. ಶೇ 22ರ ದರ ಆರಿಸಿಕೊಂಡ ಕಂಪನಿಗಳ ಶೇ 10 ಸರ್‌ಚಾರ್ಜನ್ನು ಈ ಬಜೆಟ್‌ನಲ್ಲೇ ಮೂಲ ದರಕ್ಕೆ ಸೇರಿಸಿ, 24.2 ಮಾಡಿ. ಕಂಪನಿ ಕಟ್ಟುವುದರಲ್ಲಿ ಒಂದು ಪೈಸೆ ವ್ಯತ್ಯಾಸ ಆಗುವುದಿಲ್ಲ. ಮೇಲೆ ಹೇಳಿದ ಆ ಹೋಟೆಲ್ ಒಂದರಿಂದಲೇ ರಾಜ್ಯಗಳಿಗೆ 36,080 ರೂಪಾಯಿ ಹೆಚ್ಚು ಬರುತ್ತದೆ. ಪೆಟ್ರೋಲ್, ಡೀಸೆಲ್ ಮೇಲೆ ಮೂಲ ಸುಂಕವನ್ನು ಕನಿಷ್ಠ 2018ರ ಬಜೆಟ್‌ಗೆ ಮುಂಚೆ ಇದ್ದ ಮಟ್ಟಕ್ಕೆ ತಂದು, ಅಷ್ಟನ್ನು ರಾಜ್ಯಗಳ ಜೊತೆ ಹಂಚದ ಇನ್ನೊಂದು ಸುಂಕವಾದ ವಿಶೇಷ ಹೆಚ್ಚುವರಿ ಸುಂಕದಿಂದ ಕಳೆಯಿರಿ. ಪಂಪಿನ ಬೆಲೆ ಆಗಲೂ ಬದಲಾಗದು. ಒಂದೇ ವರ್ಷಕ್ಕೆ ಕಷ್ಟವಾದರೆ ಮೂರು ವರ್ಷದಲ್ಲಿ ಮಾಡುತ್ತೇವೆ ಎಂದು ಬಜೆಟ್ ಭಾಷಣದಲ್ಲಿ ಹೇಳಿ. ನಾವು ನಂಬುತ್ತೇವೆ.

ಪ್ರತಿ ಸೆಸ್‌ಗೂ ಮುಗಿಯುವ ತಾರೀಖು ಇರಲಿ. ಆ ತಾರೀಖಿಗೆ ಮುಂದುವರಿಸಬೇಕಾದರೆ ಸಂಸತ್ತಿನ ಮುಂದೆ ಬಂದು ಕಾರಣ ಹೇಳಿ. ಸೆಸ್, ಸರ್‌ಚಾರ್ಜ್ ಸೇರಿ ಒಟ್ಟು ತೆರಿಗೆಯ ಇಂತಿಷ್ಟು ಭಾಗ ದಾಟಿದರೆ, ದಾಟಿದ್ದು ತಾನಾಗಿ ಹಂಚಿಕೆಗೆ ಬರಲಿ ಎಂಬ ಮಿತಿಯೂ ಬೇಕು. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕಾಗಬಹುದು. ಹದಿನಾರನೇ ಆಯೋಗದ ವರದಿ ಬರುವ ಮೊದಲು ಕೇಂದ್ರದ ಒಪ್ಪಿಗೆ ಇದೆ ಎಂದು ನೀವು ಹೇಳಿದರೆ ಆಯೋಗದ ಕೆಲಸ ಸುಲಭವಾಗುತ್ತದೆ.

ಕೊನೆಯದು ಚಿಕ್ಕದು. ಪ್ರತಿ ಕಂತಿನ ಹೊತ್ತಿಗೆ ನಿಮ್ಮ ಇಲಾಖೆ ಯಾವ ರಾಜ್ಯಕ್ಕೆ ಎಷ್ಟು ಬಿಡುಗಡೆಯಾಯಿತು ಎಂದು ಪಟ್ಟಿ ಹಾಕುತ್ತದೆ. ತುಂಬಾ ಸ್ಪಷ್ಟವಾದ ಪಟ್ಟಿ ಅದು, ನಾನು ತಪ್ಪದೆ ನೋಡುತ್ತೇನೆ. ಅದೇ ಪ್ರಕಟಣೆಯಲ್ಲಿ ಇನ್ನು ಮೂರು ಸಂಖ್ಯೆ ಸೇರಿಸಿ. ಈ ಅವಧಿಯಲ್ಲಿ ಕೇಂದ್ರ ವಸೂಲಿ ಮಾಡಿದ ಒಟ್ಟು ತೆರಿಗೆ ಎಷ್ಟು, ಅದರಲ್ಲಿ ಸೆಸ್ ಮತ್ತು ಸರ್‌ಚಾರ್ಜ್ ಎಷ್ಟು, ರಾಜ್ಯಗಳಿಗೆ ಹೋದದ್ದು ಒಟ್ಟು ವಸೂಲಿಯ ಶೇಕಡಾ ಎಷ್ಟು. ಇದಕ್ಕೆ ತಿದ್ದುಪಡಿ ಬೇಡ, ಆಯೋಗ ಬೇಡ, ಯಾವ ರಾಜ್ಯದ ಒಪ್ಪಿಗೆಯೂ ಬೇಡ. ಫೆಬ್ರವರಿಯ ಕಂತಿನಿಂದಲೇ ಶುರು ಮಾಡಬಹುದು.

ವಿಶ್ವಾಸಗಳೊಂದಿಗೆ,
ಮುಂಬಯಿಯ ಒಬ್ಬ ಕನ್ನಡಿಗ, ಲೆಕ್ಕಪತ್ರದ ಕೆಲಸದವ
ಡೊಂಬಿವಲಿ